ಕಡಲೆ ತುಳಿದ ಅಂಬಾಸಿಡರ್

ನಾನು ಚಿಕ್ಕವನಿದ್ದಾಗ ನಮ್ಮ ಅಪ್ಪ ಸಾಹುಕಾರರೊಬ್ಬರ ಅಂಬಾಸಿಡರ್ ಓಡಿಸುತ್ತಿದ್ದ ಎಂದರೆ ಸಾಕು, ಮಕ್ಕಳೇ, ನೀವೆಲ್ಲ ಬಾಯಿ ತೆರೆದು ಕೂರುತ್ತೀರಿ. ಮುತ್ಯಾ, ಆ ಕಾರೇ ಚಂದ, ಈಗಿನವು ಬರೀ ಡಬ್ಬಿ ಎನ್ನುತ್ತೀರಿ. ನನಗೆ ಮೈಯೆಲ್ಲ ಉರಿಯುತ್ತದೆ. ಇವತ್ತು ಪೂರ್ತಿ ಕೇಳಿಬಿಡಿ.

ಅಂದು ಅಕ್ಕನಿಗೆ ಚಿತ್ತಾಪುರದಲ್ಲಿ ಮೆಟ್ರಿಕ್ ಪರೀಕ್ಷೆ. ಪಾಸಾದರೆ ಟೀಚರ್ ಟ್ರೇನಿಂಗು, ಇಲ್ಲದಿದ್ದರೆ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ಸನ್ನತಿ ಕಡೆಯ ನಮ್ಮ ಹಳ್ಳಿಯಿಂದ ಬೆಳಿಗ್ಗೆಯೇ ಹೊರಟೆವು. ಮುಂದಿನ ಉದ್ದ ಸೀಟಿನಲ್ಲಿ ಅಪ್ಪ, ಅಕ್ಕ, ನಾನು. ಕಾದ ರೆಕ್ಸಿನ್ ತೊಡೆಗೆ ಅಂಟುತ್ತಿತ್ತು, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಕ್ಕ ಹಾಲ್ ಟಿಕೆಟನ್ನು ಎದೆಗೊತ್ತಿಕೊಂಡು ಉತ್ತರಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು.

ಕೈ ಮಾಡಿದವರಿಗೆ ಇಲ್ಲ ಎನ್ನುವವನಲ್ಲ ನಮ್ಮ ಅಪ್ಪ. ಗಂಟು ಹೊತ್ತ ಮುದುಕ ಹತ್ತಿದ, ಇಬ್ಬರು ಹೆಂಗಸರು ಹತ್ತಿದರು, ಅವರ ಆಡಿನ ಮರಿಯೂ ಹತ್ತಿತು. ಆ ಕಾರಿನ ಹೊಟ್ಟೆ ತುಂಬುತ್ತಲೇ ಇರಲಿಲ್ಲ. ನಿಂತಲ್ಲೆಲ್ಲ ಮಾತು, ನಗು.

ಮುಂದೆ ಡಾಂಬರು ರಸ್ತೆಯ ತುಂಬ ಕಿತ್ತ ಕಡಲೆ ಗಿಡ ಹರವಿತ್ತು. ಗಾಡಿಗಳು ತುಳಿದರೆ ಬಡಿದು ಕಾಳು ಬಿಡಿಸುವ ಕೆಲಸ ತಪ್ಪುತ್ತದೆ. ನಮ್ಮ ಕಡೆ ಈಗಲೂ ಹಾಗೇ. ಕಾರು ಅದನ್ನು ದಾಟಿದ್ದೇ ತಡ, ಹೊಲದ ಹೆಂಗಸು ಓಡಿ ಬಂದಳು.

“ಅಣ್ಣಾ, ನಿಮ್ ಕಾರ್ ಭಾಳ ತೂಕ ಅದ. ಇನ್ನೊಂದೆರಡು ಸುತ್ತ ಹೊಡೀರಿ, ಪುಣ್ಯ ಬರ್ತದ!”

“ಅಪ್ಪಾ, ಹೊತ್ತಾಗ್ಲಿಕತ್ತದ!” ಅಕ್ಕ ಅಪ್ಪನ ತೋಳು ಜಗ್ಗಿದಳು.

“ಎಷ್ಟ್ ಹೊತ್ತವ್ವಾ? ಒಬ್ಬಾಕೀನೇ ಅದಾಳ, ಪಾಪ” ಎಂದು ಅಪ್ಪ ಕಾರು ತಿರುಗಿಸಿಯೇಬಿಟ್ಟ. ಎರಡಲ್ಲ, ಐದು ಸುತ್ತು! ಕಾಯಿ ಚಟಚಟ ಒಡೆಯುತ್ತಿದ್ದರೆ ಹಿಂದೆ ಕುಳಿತವರು ಭೇಷ್ ಭೇಷ್ ಎನ್ನುತ್ತಿದ್ದರು. ಆ ಹೆಂಗಸು ಖುಷಿಯಿಂದ ಅಕ್ಕನ ಉಡಿಗೆ ಬೊಗಸೆ ಕಡಲೆ ಸುರಿದಳು.

ಚಿತ್ತಾಪುರ ಮುಟ್ಟಿದಾಗ ಶಾಲೆಯ ಗೇಟು ಹಾಕಿತ್ತು.

“ಅರ್ಧಾ ತಾಸಿನ ಮ್ಯಾಲಾಗ್ಯದವ್ವ, ಬಿಡಂಗಿಲ್ಲ” ಎಂದ ಜವಾನ.

ಅಪ್ಪ ಕೈ ಮುಗಿದು ಬೇಡಿಕೊಂಡ. ಗೇಟು ತೆರೆಯಲಿಲ್ಲ. ಅಕ್ಕ ಅಳಲಿಲ್ಲ, ಉಡಿಯ ಕಡಲೆಯನ್ನೆಲ್ಲ ಬಾನೆಟ್ ಮೇಲೆ ರಪ್ಪನೆ ಎಸೆದಳು. ಇನ್ನೊಂದು ಪರೀಕ್ಷೆಗೆ ಯಾರೂ ಕಾಯಲಿಲ್ಲ. ಆ ಬೇಸಿಗೆಯಲ್ಲೇ ಅವಳ ಮದುವೆ ಮಾಡಿದರು. ಊರವರೆಲ್ಲ ಅಪ್ಪನನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು. ಥೂ, ಮಗಳ ಪಾಲಿಗಿಲ್ಲದ ದೇವರು ಎಂಥ ದೇವರು? ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಈಗ ನಿಮ್ಮ ಸೆಡಾನ್ ನೋಡಿ. ಹೊಟ್ಟೆ ನೆಲಕ್ಕೆ ತಾಗುತ್ತದೆ, ಐದನೆಯವರಿಗೇ ಜಾಗ ಸಾಲದು, ಗಾಜು ಏರಿಸಿದರೆ ಹೊರಗೆ ಕೂಗಿದ್ದೂ ಕೇಳಿಸದು. ಮೊನ್ನೆ ಅದರಲ್ಲೇ ನನ್ನ ಮೊಮ್ಮಗಳನ್ನು ಹತ್ತನೆಯ ತರಗತಿಯ ಪರೀಕ್ಷೆಗೆ ಕರೆದೊಯ್ದೆವು. ಅಕ್ಕ ಮುಂದೆ ಕುಳಿತಿದ್ದಳು. ಅದೇ ರಸ್ತೆ, ಮತ್ತೆ ಕಡಲೆ. ಯಾರೋ ಹೆಂಗಸು ಕೈ ಮಾಡಿದಳು. ನನ್ನ ಮಗ ಬ್ರೇಕ್ ಒತ್ತಿದ.

“ನಿಂದರಸಬ್ಯಾಡ!” ಅಕ್ಕ ಕಿರುಚಿದಳು. “ಬಾಜೂಕಿಂದ ಹೊಡಿ, ಹುಡುಗೀದ್ ಪರೀಕ್ಷಾ ಅದ!”

ಒಂದು ತಾಸು ಮೊದಲೇ ಮುಟ್ಟಿದೆವು. ಅದೇ ಶಾಲೆ. ಮೊಮ್ಮಗಳು ಒಳಗೆ ಹೋದಳು. ನಾನು ಕುರ್ಚಿ ತಂದುಕೊಟ್ಟರೂ ಅಕ್ಕ ಕೂರಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಗೇಟಿನ ಕಂಬಿ ಹಿಡಿದು ನಿಂತೇ ಇದ್ದಳು.