ಕ್ಯಾಮೆರಾಗೆ ಗುದ್ದಿದ ಏಂಜೆಲ್ ಮೀನು

ಹೊಸ ಡಿಜಿಟಲ್ ಕ್ಯಾಮೆರಾ ಕೊಂಡ ಹುರುಪಿನಲ್ಲಿ ಇವತ್ತು ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಮನೆಯ ಫಿಶ್ ಟ್ಯಾಂಕ್ ಮುಂದೆ ಕೂತೆ, ಗೆಳೆಯರೇ. ಮೊದಲು ತೆಗೆದ ಫೋಟೋಗಳಲ್ಲಿ ಮೀನೇ ಇಲ್ಲ, ಗಾಜಿಗೆ ಬಡಿದ ಫ್ಲಾಷ್ ಬೆಳಕು ಮಾತ್ರ. ಫ್ಲಾಷ್ ಆರಿಸಿ ಲೆನ್ಸನ್ನು ಗಾಜಿನ ಹತ್ತಿರ ಹಿಡಿದೆ. ತಕ್ಷಣ ಏಂಜೆಲ್ ಮೀನೊಂದು ನುಗ್ಗಿ ಬಂದು ಗಾಜಿಗೆ ಗುದ್ದಿತು. ಪಕ್ಕಕ್ಕೆ ಸರಿದರೆ ಅಲ್ಲಿಗೂ ಬಂತು.

“ಅಮ್ಮಾ, ಬಾ ಇಲ್ಲಿ! ಇದು ನಂಗೆ ಪೋಸ್ ಕೊಡ್ತಿದೆ!”

ಅಮ್ಮ ಬಕೆಟ್ ಹಿಡಿದೇ ಬಂದಳು. “ಪೋಸೂ ಇಲ್ಲ, ಏನೂ ಇಲ್ಲ. ಏಳು, ಟ್ಯಾಂಕ್ ತೊಳೀಬೇಕು. ಆ ಗಿಡದ ಎಲೆಗೆ ಬೂಷ್ಟು ಹಿಡಿದಿದೆ, ಕಿತ್ತು ಬಿಸಾಕ್ತೀನಿ.”

“ಒಂದ್ನಿಮಿಷ ಇರಮ್ಮಾ” ಎಂದು ಫೋಟೋವನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದೆ. ಮೀನು ಮಸುಕು. ಅದರ ಹಿಂದಿನ ಎಲೆ ಮಾತ್ರ ಸ್ಪಷ್ಟವಾಗಿ ಬಂದಿತ್ತು. ಅಮ್ಮ ಹೇಳಿದ ಬೂಷ್ಟು ಸಾಲಾಗಿ ಅಂಟಿಸಿದ ಸಣ್ಣ ಮಣಿಗಳಂತಿತ್ತು. ಮೊಟ್ಟೆಗಳು! ಪಾಪ, ಅಷ್ಟು ಹೊತ್ತೂ ಆ ಮೀನು ನನ್ನನ್ನು ಓಡಿಸಲು ನೋಡುತ್ತಿತ್ತು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಸ್ಕ್ರೀನನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಬಕೆಟನ್ನು ಬಚ್ಚಲಲ್ಲಿಟ್ಟು ಬಂದಳು.

ಮಧ್ಯಾಹ್ನ ಇನ್ನೊಂದು ಫೋಟೋ ತೆಗೆಯೋಣವೆಂದು ಹೋದರೆ ಟ್ಯಾಂಕಿನ ಸುತ್ತ ಅವಳ ಹಳೇ ಸೀರೆಯ ಪರದೆ! ಮೆಲ್ಲಗೆ ಸರಿಸಲು ಕೈ ಹಾಕಿದೆ. ಅಡುಗೆಮನೆಯಿಂದಲೇ ಗದರಿದಳು: “ಬಾಣಂತಿ ಕೋಣೆಗೆ ಯಾರಾದ್ರೂ ಕ್ಯಾಮೆರಾ ತಗೊಂಡು ಹೋಗ್ತಾರೇನೋ? ನಾಚಿಕೆ ಆಗಲ್ವಾ?”

ಆದ್ದರಿಂದ ಕೆಳಗಿನ ಫೋಟೋದಲ್ಲಿ ನಿಮಗೆ ಕಾಣುವುದು ಸೀರೆಯ ಅಂಚು ಮಾತ್ರ. ಫೋಕಸ್ ಹೇಗಿದೆ, ಹೇಳಿ.