ಮುನ್ನೂರ ಹನ್ನೆರಡು ಮಿಲ್ಲಿಮೀಟರ್

ಮೂವತ್ತು ವರ್ಷದಿಂದ ದಿನಾ ಬೆಳಗ್ಗೆ ಎಂಟೂವರೆಗೆ ನೀರಿನ ಟ್ಯಾಂಕಿನ ಹಿಂದಿನ ಅಂಗಳದಲ್ಲಿ ಮಳೆ ಅಳೆಯುತ್ತಿದ್ದವನಿಗೆ ಊರು ಇಟ್ಟ ಹೆಸರು ಮಿಲ್ಲಿಮೀಟರ್ ಮಾವ. ಮಳೆಮಾಪಕವೆಂದರೆ ಮಹಾ ಯಂತ್ರವೇನಲ್ಲ. ಮೇಲೊಂದು ಲಾಳಿಕೆ, ಒಳಗೊಂದು ಬಾಟಲಿ. ಬಾಟಲಿಯ ನೀರನ್ನು ಗೆರೆ ಕೊರೆದ ಗಾಜಿಗೆ ಸುರಿದು ಓದಬೇಕು. ಗಾಜು ಹಿಡಿಯುವುದು ಒಂದು ಸಲಕ್ಕೆ ಇಪ್ಪತ್ತೇ ಮಿಲ್ಲಿಮೀಟರ್. ಮಳೆ ಜೋರಾದ ದಿನ ಅವನು ಸುರಿಯಬೇಕು, ಹೆಂಡತಿ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಎಣಿಸಬೇಕು. “ಎಣಿಸೋದು ನಿಮ್ಮ ಕೈಲಾಗಲ್ಲ, ಏಳಾದ ಮೇಲೆ ಒಂಬತ್ತು ಅಂತೀರ” ಎಂದು ಮದುವೆಯಾದ ವರ್ಷವೇ ಅವಳು ಆ ಕೆಲಸ ಕಿತ್ತುಕೊಂಡಿದ್ದಳು.

ಈ ವರ್ಷ ಹವಾಮಾನ ಕಚೇರಿಯಿಂದ ಬಂದ ಎಂಜಿನಿಯರ್ ಹುಡುಗಿ ಅವನು ಮಳೆ ಲೆಕ್ಕ ಬರೆದಿಟ್ಟ ಹಳೇ ಪುಸ್ತಕಗಳನ್ನೆಲ್ಲ ಹಾಳೆ ಹಾಳೆ ಫೋಟೊ ಹೊಡೆದುಕೊಂಡಳು. ಹವಾಮಾನ ಕೆಟ್ಟಿದೆ, ಮಳೆ ಮೊದಲಿನ ಹಾಗೆ ಬೀಳುತ್ತಿಲ್ಲ. ಕೃತಕ ಬುದ್ಧಿಮತ್ತೆ ಇದನ್ನೆಲ್ಲ ಓದಿಕೊಂಡು, ಯಾವ ಬೀದಿಗೆ ಯಾವಾಗ ನೀರು ನುಗ್ಗುತ್ತದೆಂದು ಮೊದಲೇ ಎಚ್ಚರಿಸುತ್ತದೆ ಎಂದಳು. ತಾನೇ ಮಳೆ ಅಳೆದು ಕಚೇರಿಗೆ ಕಳಿಸುವ, ಕೆಂಪು ದೀಪದ ಒಂದು ಡಬ್ಬಿಯನ್ನೂ ಅಂಗಳದಲ್ಲಿ ನೆಟ್ಟು ಹೋದಳು. ಅಂದಿನಿಂದ ಮಾವನಿಗೆ ಊಟ ಸೇರಲಿಲ್ಲ.

“ಕಣ್ಣು ಮಿಟುಕಿಸ್ತಿದೆ ನೋಡು. ನನ್ನನ್ನೇ ಕಾಯ್ತಿದೆ.”

“ನಿಮ್ಮ ಮುಖ ನೋಡ್ಕೊಂಡು ಕೂರೋಕೆ ಅದಕ್ಕೇನು ಬೇರೆ ಕೆಲಸ ಇಲ್ವಾ?” ಹೆಂಡತಿ ನಕ್ಕಳು.

ಅವನು ನಗಲಿಲ್ಲ. ಆ ಪುಸ್ತಕಗಳಲ್ಲಿ ಹನ್ನೊಂದು ದಿನದ ಸುಳ್ಳಿತ್ತು. ಒಂಬತ್ತು ವರ್ಷದ ಹಿಂದೆ ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನು ಅಂಗಳದ ಕಡೆ ತಲೆಯೇ ಹಾಕಿರಲಿಲ್ಲ. ವಾರ್ಡಿನ ರೇಡಿಯೊದಲ್ಲಿ ಪಕ್ಕದ ಊರಿನ ಮಳೆ ಎಷ್ಟೆಂದು ಕೇಳಿ, ಒಂದೆರಡು ಆಚೀಚೆ ಮಾಡಿ ಬರೆದಿದ್ದ. ಅವಳ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ತಿಂಗಳಾದ ಮೇಲೆ ಹುಡುಗಿ ಮತ್ತೆ ಬಂದಳು.

“ಮಾವ, ನಿಮ್ಮ ಪುಸ್ತಕದಲ್ಲಿ ಒಂದೇ ಒಂದು ದಿನಕ್ಕೆ ಯಂತ್ರ ಅನುಮಾನ ಅಂತ ಗುರುತು ಹಾಕಿದೆ.”

“ಯಾವ ದಿನ?” ಎಂದ ಮಾವ.

“ಆರು ವರ್ಷದ ಹಿಂದಿಂದು. ಮುನ್ನೂರ ಹನ್ನೆರಡು ಅಂತ ಬರೆದಿದ್ದೀರ. ಅವತ್ತು ಸುತ್ತಲಿನ ಯಾವ ಊರಲ್ಲೂ ಒಂದು ಹನಿ ಇಲ್ಲ. ಅದಕ್ಕೇ ಅದನ್ನ ತೆಗೆದುಹಾಕುತ್ತೆ.”

ಅವನು ಕಕ್ಕಾಬಿಕ್ಕಿಯಾದ. ಅದು ಅವನ ಜೀವಮಾನದಲ್ಲೇ ಅಪ್ಪಟ ನಿಜವಾದ ಅಳತೆ. ಹದಿನೈದು ಸಲ ಗಾಜು ತುಂಬಿ, ಮೇಲೆ ಹನ್ನೆರಡು ಉಳಿದಿತ್ತು. ಕೆಳಗಿನ ಬೀದಿ ಮುಳುಗಿ ಅವನ ಅಕ್ಕ ಅಟ್ಟ ಹತ್ತಿ ಕೂತಿದ್ದಳು.

“ತೆಗೆದ್ರೆ ಏನಾಗುತ್ತೆ?”

“ಇಲ್ಲಿ ಅಂಥ ಮಳೆ ಬರಲ್ಲ ಅಂದ್ಕೊಳ್ಳುತ್ತೆ. ಕೆಳಗಿನ ಬೀದಿಗೆ ಎಚ್ಚರಿಕೆ ಹೋಗೋದು ತಡ ಆಗಬಹುದು.”

“ಮಿಕ್ಕಿದ್ದೆಲ್ಲ ನಂಬಿತಾ?”

“ಎಲ್ಲ. ಒಂಬತ್ತು ವರ್ಷದ ಹಿಂದಿನ ಮಳೆಗಾಲವಂತೂ ಪಕ್ಕದ ಊರಿಗೆ ಅಚ್ಚುಕಟ್ಟಾಗಿ ಹೊಂದುತ್ತಂತೆ.”

“ಹೊಂದದೆ ಏನು ಮಾಡುತ್ತಮ್ಮ? ಪಕ್ಕದ ಊರಿಂದಲೇ ಕದ್ದಿದ್ದು!”

ಅಂದಮೇಲೆ ಹೇಳದೆ ವಿಧಿಯಿರಲಿಲ್ಲ. ಆಸ್ಪತ್ರೆ, ರೇಡಿಯೊ, ಹನ್ನೊಂದು ದಿನ, ಎಲ್ಲ ಹೇಳಿದ. ಹೆಂಡತಿ ಅವನನ್ನೇ ನೋಡುತ್ತ ನಿಂತಳು. ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು.

“ಹಾಗಾದ್ರೆ ಮುನ್ನೂರ ಹನ್ನೆರಡನ್ನ ನಾನ್ಯಾಕೆ ನಂಬಲಿ, ಮಾವ?”

ಹೆಂಡತಿ ಸೆರಗು ಸಿಕ್ಕಿಸಿಕೊಂಡಳು. “ಅವತ್ತು ಎಣಿಸಿದ್ದು ನಾನು. ಬಾ ನನ್ನ ಜೊತೆ.”

ಕೆಳಗಿನ ಬೀದಿಯ ಅಕ್ಕನ ಮನೆಯ ನಡುಗೋಡೆಯಲ್ಲಿ, ಎಷ್ಟು ಸಲ ಬಣ್ಣ ಬಳಿದರೂ ಹೊರಗಿಣುಕುವ, ಅವತ್ತಿನ ನೀರಿನ ಕಂದು ಗೆರೆಯೊಂದು ಎದೆಮಟ್ಟಕ್ಕೆ ಓಡಿತ್ತು. ಎದುರು ಮನೆಯಲ್ಲೂ, ಅದರಾಚೆ ಮನೆಯಲ್ಲೂ ಅದೇ ಮಟ್ಟ. ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು: “ನಿಮ್ಮ ಯಂತ್ರಕ್ಕೆ ಬುದ್ಧಿ ಇದೆ ಅಂತಾರೆ, ಇಲ್ಲೀವರೆಗೆ ಬಂದು ನೋಡೋಕೆ ಕಾಲಿಲ್ವಾ?”

ಹುಡುಗಿ ಟೇಪು ಹಿಡಿದು ಮೂರು ಗೋಡೆ ಅಳೆದಳು, ಫೋಟೊ ತೆಗೆದಳು. ಮುನ್ನೂರ ಹನ್ನೆರಡು ಉಳಿಯಬೇಕೆಂದು ಬರೆದುಕೊಂಡಳು. ಹನ್ನೊಂದು ದಿನದ ಮುಂದೆ ‘ಅಳೆದಿಲ್ಲ’ ಎಂದು ಮಾವನ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡಳು. ಮೇಲಿನವರು ಏನನ್ನುತ್ತಾರೋ ಗೊತ್ತಿಲ್ಲ ಎಂದೂ ಹೇಳಿದಳು.

“ನೀನು ಬರೆದಿದ್ದನ್ನ ಅದು ಕೇಳುತ್ತಾ?”

“ಕೇಳಿಸ್ತೀನಿ ಮಾವ.”

ಅವನಿಗೆ ನಂಬಿಕೆ ಬರಲಿಲ್ಲ.

ಮರುದಿನ ಎಂಟೂವರೆಗೆ ಬಾಟಲಿಯಲ್ಲಿದ್ದದ್ದು ತಳ ಮುಚ್ಚುವಷ್ಟು. ಗಾಜಿಗೆ ಸುರಿದು ಡಬ್ಬಿಯ ಕಡೆ ಓರೆಗಣ್ಣಲ್ಲಿ ನೋಡಿದ.

“ಎಣಿಸು.”

“ನಾಲ್ಕು ಮಿಲ್ಲಿಮೀಟರಿಗೆ ಎಣಿಸೋದೇನಿದೆ ರೀ?”

“ಎಣಿಸೇ. ಅದಕ್ಕೂ ಕೇಳಿಸಲಿ.”

ಅವಳು ಡಬ್ಬಿಯತ್ತ ತಿರುಗಿ, ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು: “ಒಂದು!”