ಕಣ್ಣಿಗೆ ಟವೆಲ್ ಕಟ್ಟಿಕೊಂಡು ರಿಸೀವರ್ ಆರಿಸಿದವರು

ರೇಡಿಯೊ ಅಂಕಿಪಟ್ಟಿಯಲ್ಲಿ ಎಫ್.ಎಂ. ಹಾಡುಗಳ ಸಾಲು ಮುಗಿದಲ್ಲಿಂದ ಮೇಲಕ್ಕೆ, ವಿಮಾನಗಳೂ ಹಡಗುಗಳೂ ಮಾತಾಡಿಕೊಳ್ಳುವ ಆ ಎತ್ತರದ ಅಲೆಗಳಿಗೆ ಯಾವ ರಿಸೀವರ್ ಒಪ್ಪುತ್ತದೆಂದು ಹೇಳಬಲ್ಲವರು ಒಸಾಕಾದ ರೇಡಿಯೊ ಅಂಗಡಿಗಳ ಬೀದಿಯಾದ ನಿಪ್ಪೊನ್‌ಬಾಶಿಯಲ್ಲಿ ಹಲವರಿರಬಹುದು; ಒಪ್ಪದ್ದನ್ನು ಮಾರುವುದಿಲ್ಲವೆಂದು ಗಿರಾಕಿಯ ಮುಖಕ್ಕೇ ಹೇಳುವವರು ಶ್ರೀ ಉಕಾಯಿ ಶಿಗೆಹಾರು ಒಬ್ಬರೇ. ನಲವತ್ತೊಂದು ವರ್ಷ ಒಂದೇ ಅಂಗಡಿಯಲ್ಲಿ ನಿಂತ ಅವರು ಈ ವಸಂತದಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಗೌರವಕ್ಕೆಂದು ತರುತ್ತಿರುವ ಈ ಸಂಪುಟಕ್ಕೆ ಬರೆಯುತ್ತಿರುವ ಉಳಿದವರೆಲ್ಲ ರೇಡಿಯೊ ಬಲ್ಲವರು. ನಾನು ಅಂಗಮರ್ದನ ಮಾಡಿ ಬದುಕುವ ಕುರುಡ. ಅವರಿಂದ ಚೆನ್ನಾಗಿ ಬೈಸಿಕೊಂಡದ್ದಷ್ಟೇ ನನ್ನ ಅರ್ಹತೆ.

ಹತ್ತೊಂಬತ್ತು ವರ್ಷದ ಹಿಂದೆ ನಾನು ನಿಲ್ದಾಣದ ಗೋಪುರದಿಂದ ರೇಡಿಯೊದಲ್ಲಿ ವಿಮಾನಗಳನ್ನು ಇಳಿಸುವ, ಏರಿಸುವ ವಿಮಾನ ನಿಯಂತ್ರಕನಾಗಿದ್ದೆ. ಕಣ್ಣು ಮಂಜಾಗುತ್ತಿದ್ದುದನ್ನು ಎರಡು ತಿಂಗಳು ಮುಚ್ಚಿಟ್ಟೆ. ನನ್ನ ಬಳಿ ತರಬೇತಿಯಲ್ಲಿದ್ದ ಯುಗೆ ಮಿನೆಕೊ ಅದನ್ನು ಗಮನಿಸಿ ಮೇಲಿನವರಿಗೆ ತಿಳಿಸಿದಳು. ಅವಳು ಮಾಡಿದ್ದೇ ಸರಿ. ಅದನ್ನು ಇಂದು ಹೇಳಬಲ್ಲೆ. ಅಂದು ಅವಳು ನನಗೆ ದ್ರೋಹ ಬಗೆದಳೆಂದೇ ನಂಬಿದ್ದೆ. ಅವಳ ಫೋನು ಬಂದರೆ ಎತ್ತಲಿಲ್ಲ. ಕೆಲಸ ಹೋಗಿ, ಕಣ್ಣೂ ಪೂರ್ತಿ ಹೋಗಿ, ಎರಡು ವರ್ಷ ಮನೆಯಿಂದಾಚೆ ಕಾಲಿಡಲಿಲ್ಲ. ಆದರೂ ಒಂದು ಕೊರಗು ಬಿಡಲಿಲ್ಲ: ನಾನು ಅರ್ಧಕ್ಕೆ ಕೈಬಿಟ್ಟ ಆ ಹುಡುಗಿ ಕೊನೆಗೆ ನಿಯಂತ್ರಕಿಯಾದಳೋ ಇಲ್ಲವೋ? ಹಳೆಯ ಸಹೋದ್ಯೋಗಿಗಳನ್ನು ಕೇಳಲು ಬಿಗುಮಾನ. ಅವಳಿಗೆ ತಿಳಿಯದಂತೆ ಅವಳ ದನಿ ಕೇಳೋಣವೆಂದು ಅಂಚೆಯಲ್ಲಿ ಒಂದು ರಿಸೀವರ್ ತರಿಸಿದೆ. ನಿಲ್ದಾಣದವರು ಮಾತಾಡುವ ಅಲೆಯ ಅಂಕಿಗಳನ್ನು ನಾನು ಹೇಳಿದಂತೆ ಹೆಂಡತಿ ಸರಿಯಾಗಿಯೇ ಇಟ್ಟಳು. ಬಂದದ್ದು ಬರೀ ಗೊರಗೊರ. ನನಗೆ ಇನ್ನು ಆಕಾಶವೂ ಮುಚ್ಚಿತು ಎಂದುಕೊಂಡೆ.

ಹೆಂಡತಿ ಸುಮ್ಮನಿರದೆ ನನ್ನನ್ನು ಉಕಾಯಿಯವರ ಅಂಗಡಿಗೆ ಎಳೆದುಕೊಂಡು ಹೋದಳು. ನನ್ನ ಹಿಂದಿನ ಕೆಲಸವನ್ನು ವಿಚಾರಿಸಿಕೊಂಡು ಅವರು ಆ ಪೆಟ್ಟಿಗೆಯನ್ನು ಎರಡು ಸಲ ಹೊರಳಿಸಿ ನೋಡಿದರು.

"ಅಣ್ಣಾ, ವಿಮಾನದವ್ರು ಮಾತಾಡೋದು ಎ.ಎಂ.ನಲ್ಲಿ. ಇದು ಆ ಎತ್ತರಕ್ಕೇನೋ ಹತ್ತತ್ತೆ, ಆದ್ರೆ ಎಫ್.ಎಂ. ಬಿಟ್ರೆ ಇದಕ್ಕೆ ಬೇರೇದು ತಿಳಿಯಲ್ಲ. ಹನ್ನೆರಡು ವರ್ಷ ಅದ್ರಲ್ಲೇ ಬಾಯಿ ಬಡ್ಕೊಂಡಿದ್ದೀರಿ, ಇಷ್ಟೂ ಗೊತ್ತಿಲ್ವಾ?"

ಎರಡು ವರ್ಷದಿಂದ ಎಲ್ಲರೂ ನನ್ನೊಡನೆ ರೋಗಿಯೊಡನೆ ಮಾತಾಡುವಂತೆ ಮೆಲ್ಲಗೆ ಮಾತಾಡುತ್ತಿದ್ದರು. ಯಾರೋ ಒಬ್ಬರು ಗೇಲಿ ಮಾಡಿದ್ದು ಕೇಳಿ, ಅಯ್ಯೋ, ಎಷ್ಟು ಹಿತವಾಯಿತು!

ಹಾಗಾದರೆ ಅಂಗಡಿಯಲ್ಲೇ ದುಬಾರಿಯಾದದ್ದನ್ನು ಕೊಡಿ ಎಂದೆ. ಅವರು ಖಂಡಿತ ಆಗದು ಎಂದರು. ಅದರ ಗುಂಡಿಗಳು ನುಣ್ಣಗಿದ್ದವಂತೆ, ಪರದೆ ನೋಡದೆ ಒಂದೂ ನಡೆಯದಂತೆ. ಹೆಂಡತಿ ಆಮೇಲೆ ಹೇಳಿದಂತೆ, ತಮ್ಮ ಕೊರಳಲ್ಲಿದ್ದ ಟವೆಲ್ಲನ್ನು ಕಣ್ಣಿಗೆ ಬಿಗಿದುಕೊಂಡು, ಅಂಗಡಿಯ ಜೊತೆಯವರು ನಗುತ್ತಿದ್ದರೂ ಲೆಕ್ಕಿಸದೆ, ಕಪಾಟಿನ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ತಡವಿ ನೋಡಿದರು. ಅವುಗಳಲ್ಲೊಂದು ಪೆಟ್ಟಿಗೆ ಇಡೀ ಬೀದಿಗೆ ಕೇಳುವಂತೆ ಅರಚಿತು. ಮುಕ್ಕಾಲು ಗಂಟೆಯ ಮೇಲೆ ಹಳೆಯ ಮಾದರಿಯದೊಂದನ್ನು ನನ್ನ ಅಂಗೈಗಿಟ್ಟರು: ತಿರುಗಿಸಿದರೆ ಹೆಜ್ಜೆಹೆಜ್ಜೆಗೂ ಕಟಕ್ ಎನ್ನುವ ಗುಂಡಿ, ವಿಮಾನಗಳ ಸಾಲಿಗೆ ಬಂದೊಡನೆ ತಾನಾಗಿಯೇ ಎ.ಎಂ.ಗೆ ಹೊರಳುವ ಜಾಣತನ. ಲೋಕದ್ದೆಲ್ಲ ಕೇಳುವ ಪೆಟ್ಟಿಗೆ ಇದಲ್ಲ, ನಿಮಗೆ ಬೇಕಾದ್ದನ್ನು ಕೇಳುತ್ತದೆ ಎಂದರು. ಯಾರ ದನಿಗಾಗಿ ಇಷ್ಟೆಲ್ಲ ಎಂಬುದನ್ನು ಹೆಂಡತಿ ಬಾಯಿಬಿಟ್ಟಳು. ಉಕಾಯಿಯವರು ಕಟ್ಟಿಕೊಡುತ್ತಾ ಅಂದರು:

"ಕೇಳೋ ಪೆಟ್ಟಿಗೆ ನಾನು ಕೊಡ್ತೀನಿ ಅಣ್ಣಾ. ಮಾತಾಡೋದು ಇಲ್ಲಿ ಸಿಗಲ್ಲ. ಅದಕ್ಕೆ ನಿಮ್ಮನೇಲಿರೋ ಫೋನೇ ಸಾಕು."

ನನಗೆ ಕೋಪ ಬಂತು. ಆದರೆ ಮುಂದಿನ ಬುಧವಾರ, ತಮ್ಮ ರಜೆಯ ದಿನ, ಅವರೇ ಬಂದು ನನ್ನ ಹಳೆಯ ವಿಮಾನ ನಿಲ್ದಾಣದ ರನ್‌ವೇ ತುದಿಯ ಹೊಳೆಯ ದಂಡೆಗೆ ನನ್ನನ್ನು ಕರೆದೊಯ್ದಾಗ ಸುಮ್ಮನೆ ಹೋದೆ. ಗುಂಡಿಯನ್ನು ನಾನೇ ತಿರುಗಿಸಿದೆ. ಹದಿನಾಲ್ಕನೆಯ ಕಟಕ್ಕಿಗೆ ಯುಗೆಯ ದನಿ ಬಂತು.

ನಮ್ಮ ಜಪಾನಿನಲ್ಲಿ ಇಂಥದ್ದನ್ನು ಕೇಳಬಹುದು. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಅವಳ ಮಾತನ್ನು ಬರೆಯಲಾರೆ. ಮಾತಿನ ನಡುವಿನ ಬಿಡುವಿನ ಬಗ್ಗೆ ಕಾನೂನು ಏನೂ ಹೇಳಿಲ್ಲ. ಇಳಿಯಲು ಅಪ್ಪಣೆ ಕೊಡುವ ಮುನ್ನ ಅವಳು ಒಂದು ಉಸಿರಿನಷ್ಟು ತಡೆದಳು. ರನ್‌ವೇಯನ್ನು ಇನ್ನೊಮ್ಮೆ ನೋಡಿಕೊಳ್ಳಲು ನಾನು ಕಲಿಸಿದ್ದ ಬಿಡುವು ಅದು. ನಾನು ಬಿಕ್ಕಿಬಿಕ್ಕಿ ಅತ್ತೆ. ಏನು ಕೇಳಿಸಿತೆಂದು ಉಕಾಯಿಯವರು ಅಂದೂ ಕೇಳಲಿಲ್ಲ, ಇಂದಿನವರೆಗೂ ಕೇಳಿಲ್ಲ. ಲೋಟಕ್ಕೆ ಬಾರ್ಲಿ ಚಹಾ ಬಗ್ಗಿಸಿ ನನ್ನ ಕೈಗಿಟ್ಟರು.

ಅಂದು ಸಂಜೆ ನಾನು ಯುಗೆಗೆ ಫೋನು ಮಾಡಿದೆ.

ಉಕಾಯಿಯವರು ನೂರು ವರ್ಷ ಬಾಳಲಿ, ಅಂಗಡಿ ಬಿಟ್ಟ ಮೇಲೂ ನಮ್ಮಂಥ ಹಟಮಾರಿಗಳ ಕೈಗೆ ತಕ್ಕ ಪೆಟ್ಟಿಗೆಯನ್ನು ಇಡುತ್ತಲೇ ಇರಲಿ ಎಂದು ಹಾರೈಸುತ್ತಿರುವವರು ಇಬ್ಬರು: ಇದನ್ನು ಬಾಯಲ್ಲಿ ಹೇಳುತ್ತಿರುವ ನಾನು, ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿರುವ ಯುಗೆ ಮಿನೆಕೊ.